ನರವಲ್ಲ, ರಕ್ತನಾಳ

ನಮ್ಮವರ ಮಕ್ಕಳು ಅನೇಕರು ಈ ಮುಂಬಯಿ ನಗರದಲ್ಲಿ ಶುಶ್ರೂಷಾ ಶಿಕ್ಷಣವನ್ನು ಪಡೆಯುತ್ತಿರುವುದು ಸಂತೋಷದ ಸಂಗತಿ. ಅವರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ.

ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ನಾವು ಹೋಟೆಲು ನಡೆಸುತ್ತಿದ್ದವರು. ನಮ್ಮಲ್ಲಿ ದೋಸೆಯ ಕಾವಲಿಯ ಮುಂದೆ ವರ್ಷಗಟ್ಟಲೆ ನಿಂತ ಭಟ್ಟರೊಬ್ಬರ ಕಾಲುಗಳಲ್ಲಿ ನೀಲಿ ಗಂಟುಗಳು ಎದ್ದಿದ್ದವು. "ನರ ಉಬ್ಬಿದೆ, ಧಣಿ" ಎನ್ನುತ್ತಿದ್ದರು. ನಾವೂ ನರವೆಂದೇ ನಂಬಿ, ಎಣ್ಣೆ ತಿಕ್ಕಿಕೊಳ್ಳಿರೆಂದು ಹೇಳಿ, ಮರುದಿನ ಪುನಃ ಕಾವಲಿಯ ಮುಂದೆಯೇ ನಿಲ್ಲಿಸಿದೆವು. ಅದು ನರವಲ್ಲ, ಅಭಿಧಮನಿಯೆಂದು ತಿಳಿಸಿಕೊಡುವವರು ಆಗ ನಮ್ಮ ನಡುವೆ ಯಾರೂ ಇರಲಿಲ್ಲ.

ಎಸ್.ಎಸ್.ಎಲ್.ಸಿ.ವರೆಗೆ ಓದಿದ ನಾವು ಬಾಯಿಪಾಠ ಮಾಡಿದ್ದು ಇಷ್ಟೆ: ಶುದ್ಧರಕ್ತದ್ದು ಅಪಧಮನಿ, ಮಲಿನರಕ್ತದ್ದು ಅಭಿಧಮನಿ. ಅದೂ ಪೂರ್ಣಸತ್ಯವಲ್ಲ. ಹೃದಯದಿಂದ ಹೊರಡುವುದು ಅಪಧಮನಿ; ಹೃದಯಕ್ಕೆ ಮರಳುವುದು ಅಭಿಧಮನಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಾದ ರಕ್ತವೇ.

ಹೆಸರುಗಳಿಗಿಂತ ಕಾರಣವನ್ನು ಕಲಿಯುವುದು ಲೇಸು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ರಕ್ತಪರಿಚಲನೆಯನ್ನು ಸಾಧಿಸಿ ತೋರಿಸಿದುದು ಲೆಕ್ಕದಿಂದ. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ, ಹೃದಯವು ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ದೇಹದಲ್ಲಿರುವ ರಕ್ತವೇ ಸುಮಾರು 5 ಲೀಟರ್. ಅಂದಮೇಲೆ ಹೋದುದೇ ಮರಳಿ ಬರಬೇಕಲ್ಲವೆ? ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಈ ಲೆಕ್ಕ ಬೇಗನೆ ತಿಳಿಯುತ್ತದೆ.

ಪಾದದಿಂದ ಮೇಲೇರುವ ರಕ್ತವು ಕೆಳಕ್ಕೆ ಜಾರದಂತೆ ಕಾಲಿನ ಅಭಿಧಮನಿಗಳಲ್ಲಿ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತವನಿಗೆ ಈ ಸಹಾಯವಿಲ್ಲ. ಕವಾಟಗಳು ಸಡಿಲಗೊಂಡರೆ ರಕ್ತವು ಕೆಳಗೇ ತಂಗಿ ನಾಳವು ಉಬ್ಬುತ್ತದೆ. ಆಗಾಗ ನಾಲ್ಕು ಹೆಜ್ಜೆ ನಡೆಯುವುದು, ಹಿಮ್ಮಡಿಯನ್ನೆತ್ತಿ ಇಳಿಸುವುದು, ಮಲಗುವಾಗ ಕಾಲನ್ನು ಎತ್ತರದಲ್ಲಿಡುವುದು ಹಿತಕರ.

ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಮಾತು ಬೇರೆ. ಒಳಗಿನ ಅಭಿಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಅಂಥ ಕಾಲನ್ನು ತಿಕ್ಕಲಾಗದು. ಕೂಡಲೆ ವೈದ್ಯರ ಬಳಿಗೆ ಒಯ್ಯಬೇಕು.

ನಮ್ಮ ಜನರು ನರವೆಂದೇ ಹೇಳುವರು. ಅದನ್ನು ಕೇಳಿ ವಿದ್ಯಾರ್ಥಿಗಳು ನಗಬಾರದು. ಅವರು ಯಾವುದನ್ನು ನರವೆನ್ನುತ್ತಾರೆಂದು ಮುಟ್ಟಿ ನೋಡಿ ತಿಳಿಯಬೇಕು. ತಾವು ಇಂಗ್ಲಿಷಿನಲ್ಲಿ ಕಲಿತುದನ್ನು ಅವರ ಮಾತಿನಲ್ಲಿ ತಿಳಿಸಬೇಕು. ರಜೆಯ ದಿನ ಒಂದು ಗಂಟೆ ಹೋಟೆಲಿನ ಅಡುಗೆಮನೆಗೆ ಹೋಗಿ ಇದನ್ನು ಹೇಳಿದರೂ ಸಾಕು.

ಇನ್ನು ಹೋಟೆಲು ಧಣಿಗಳಿಗೊಂದು ಮಾತು. ಕಾವಲಿಯ ಪಕ್ಕದಲ್ಲಿ ಒಂದು ಸ್ಟೂಲು ಇಡಿರಿ. ನಡುನಡುವೆ ಹತ್ತು ನಿಮಿಷ ಬಿಡುವು ಕೊಡಿರಿ. ನಾವು ಅಂದು ಮಾಡದ ಕೆಲಸವಿದು.