ಹಳೇ ಹುಲಿಗಳು ಒಂದೇ ಸ್ಟೇಜ್ ಮೇಲೆ

'ಆಲ್-ಸ್ಟಾರ್' ಅಂತ ಹಣೆಪಟ್ಟಿ ಇರೋ ಜಾಝ್ ರೆಕಾರ್ಡ್ ಕಂಡ್ರೆ ಪಂಡಿತರು ಮೂಗು ಮುರೀತಾರೆ. ದೊಡ್ಡ ಹೆಸರುಗಳನ್ನ ಗುಡ್ಡೆ ಹಾಕಿ, ಜನ ಶಿಳ್ಳೆ ಹೊಡೆಯೋ ಹಾಗೆ ಊದಿಸೋದು, ಅಷ್ಟೇ ಅಂತಾರೆ. ಪೂರ್ತಿ ಸುಳ್ಳೇನಲ್ಲ. ನಾರ್ಮನ್ ಗ್ರಾಂಜ್ 1944ರ ಜುಲೈ 2ರಂದು ಲಾಸ್ ಏಂಜಲೀಸ್‌ನಲ್ಲಿ ಶುರು ಮಾಡಿದ 'ಜಾಝ್ ಅಟ್ ದ ಫಿಲ್ಹಾರ್ಮೋನಿಕ್' ಕಛೇರಿ ಕೇಳಿ. 21 ವರ್ಷದ ಇಲಿನಾಯ್ ಜಾಕೆಟ್ ಸ್ಯಾಕ್ಸೋಫೋನನ್ನ ಕಿರುಚಿಸ್ತಾನೆ, ಜನ ಅದಕ್ಕಿಂತ ಜೋರಾಗಿ ಕಿರುಚ್ತಾರೆ! (ಕರಿಯರು-ಬಿಳಿಯರನ್ನ ಬೇರೆ ಬೇರೆ ಕೂರಿಸೋ ಕಡೆ ಕಛೇರಿ ಮಾಡಲ್ಲ ಅಂತ ಈ ಗ್ರಾಂಜ್ ಹಟ ಹಿಡಿದಿದ್ದ. ಬೈಯೋರು ಅದನ್ನೂ ಸ್ವಲ್ಪ ನೆನಪಿಟ್ಕೊಂಡ್ರೆ ಒಳ್ಳೇದು.)

ಆದ್ರೆ 28 ವರ್ಷ ಆದ್ಮೇಲೆ, 1972ರ ಜೂನ್ 2ರಂದು, ಅದೇ ಗ್ರಾಂಜ್ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಮಾಡಿಸಿದ ಕಛೇರಿಯ ರೆಕಾರ್ಡಿಂಗ್ ಇದೆಯಲ್ಲ, ಅದಕ್ಕೆ ಈ ಬೈಗುಳ ತಾಗಲ್ಲ ಅನ್ನೋದು ನನ್ನ ವಾದ. 67 ವರ್ಷದ ಕೌಂಟ್ ಬೇಸಿ, 61ರ ರಾಯ್ ಎಲ್ಡ್ರಿಜ್, 56ರ ಹ್ಯಾರಿ ಎಡಿಸನ್, 55ರ ಎಲ್ಲಾ ಫಿಟ್ಜೆರಾಲ್ಡ್.. ಇವರ ಮಧ್ಯೆ 45ರ ಸ್ಟ್ಯಾನ್ ಗೆಟ್ಜ್ ಹುಡುಗನೇ ಸರಿ. ಅಷ್ಟು ಹೊತ್ತಿಗೆ ರಾಕ್ ಸಂಗೀತದ ಭರಾಟೆಯಲ್ಲಿ ದೊಡ್ಡ ಕಂಪನಿಗಳಿಗೆ ಇಂಥವರು ಬೇಡವಾಗಿದ್ರು.

ಮೂರು ಎಲ್‌ಪಿಗಳ ಈ ಸಂಗ್ರಹದಲ್ಲಿ ಎಲ್ಲವೂ ಚಿನ್ನ ಅಂತೇನೂ ಹೇಳಲ್ಲ. ಒಬ್ಬರಾದ ಮೇಲೊಬ್ಬರು ಸೋಲೋ ನುಡಿಸೋ ಉದ್ದದ ಜಾಮ್ ಕೆಲವು ಕಡೆ ಎಳೆಯುತ್ತೆ. ಆದ್ರೆ ಕೊನೆಯ 'ಸಿ ಜಾಮ್ ಬ್ಲೂಸ್' ಒಂದು ಸಾಕು. ಡ್ಯೂಕ್ ಎಲಿಂಗ್ಟನ್‌ದು, ಮೂಲ ಧಾಟಿಯಲ್ಲಿ ಇರೋದೇ ಎರಡು ಸ್ವರ. ಎಲ್ಲಾ ಅರ್ಥವಿಲ್ಲದ ಅಕ್ಷರಗಳಲ್ಲಿ ಒಂದು ತುಣುಕು ಹಾಡ್ತಾಳೆ, ಎದುರಿಗಿರೋ ವಾದ್ಯ ಉತ್ತರ ಕೊಡುತ್ತೆ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ನಮ್ಮ ಜುಗಲ್‌ಬಂದಿಯ ಸವಾಲ್-ಜವಾಬ್ ಕೇಳಿದವರಿಗೆ ತಕ್ಷಣ ಹಿಡಿಸುತ್ತೆ. ಆಲ್ ಗ್ರೇ ಟ್ರಂಬೋನ್ ಮಾತಾಡಿದ ಹಾಗಿದ್ರೆ ಇವಳೂ ಹಾಗೇ ಗೊಣಗ್ತಾಳೆ. ಗೆಟ್ಜ್ ನಯವಾಗಿ ನುಡಿಸಿದ್ರೆ ಇವಳ ದನಿಯೂ ನಯ.

ಇಲ್ಲೂ ಜನ ಕೂಗ್ತಾರೆ, ಇಲ್ಲ ಅಂತಲ್ಲ. ಆದ್ರೆ 1944ರ ಹುಡುಗ ಊದಿದ್ದು ಜನಕ್ಕೋಸ್ಕರ. ಇವರು ನುಡಿಸೋದು ಎದುರಿಗೆ ನಿಂತವರಿಗೆ. ಎದುರಿನವರ ತುಣುಕನ್ನ ಪೂರ್ತಿ ಕೇಳಿಸಿಕೊಳ್ಳದೆ ಇಂಥ ಜವಾಬು ಬರೋದೇ ಇಲ್ಲ. ಹಾಗೆ ಕೇಳಿಸಿಕೊಳ್ಳೋಕೆ ಮೂವತ್ತು ವರ್ಷ ಸ್ಟೇಜ್ ಮೇಲೆ ಸವೆದಿರಬೇಕು ಅನ್ಸತ್ತೆ. ವಯಸ್ಸಾದವರ ಹಳೇ ನೆನಪಿನ ಜಾತ್ರೆ ಅಂತ ಇದನ್ನ ತಳ್ಳಿ ಹಾಕೋರು ಆ ಒಂದು ಟ್ರ್ಯಾಕನ್ನಾದ್ರೂ ಹೆಡ್‌ಫೋನ್ ಹಾಕ್ಕೊಂಡು ಕೇಳಲಿ, ಆಮೇಲೆ ಜಗಳಕ್ಕೆ ಬರಲಿ.

ಅಂದ ಹಾಗೆ, ಈ ಕಛೇರಿಯನ್ನ ಗ್ರಾಂಜ್ ತಾನೇ ರೆಕಾರ್ಡ್ ಮಾಡಿ ಹೊರತಂದ. 1973ರಲ್ಲಿ ಪಾಬ್ಲೋ ಅನ್ನೋ ಕಂಪನಿ ಶುರು ಮಾಡಿ, ಇದೇ ಹಳೇ ಹುಲಿಗಳಿಂದ ಸಾಲು ಸಾಲಾಗಿ ರೆಕಾರ್ಡ್ ಮಾಡಿಸಿದ.