ರೂಪಕವನ್ನು ಅರಿಯದೆ ಕವಿಯನ್ನು ಅಳೆಯದಿರೋಣ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಸೇರುತ್ತದೆ. ‘ಗಳಗನಾಥ’ ಎಂಬ ಹೆಸರಿನಲ್ಲಿಯೇ ಬರೆದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಕನ್ನಡ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟವರು. ಆದರೆ ಈ ಸಂಗಮದ ಸುತ್ತಲಿನ ಸೀಮೆ ಗದ್ಯಕ್ಕಿಂತ ಬಹು ಮೊದಲೇ ಪದ್ಯದ ಸೀಮೆಯಾಗಿತ್ತು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯು ಕನಕದಾಸರ ನೆಲೆ. ಇದೇ ಜಿಲ್ಲೆಯ ಅಬಲೂರನ್ನು ಜನರು ಸರ್ವಜ್ಞನ ಹೆಸರಿನೊಂದಿಗೆ ನೆನೆಯುತ್ತಾರೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳವು ಶರೀಫರ ಊರು. ತ್ರಿಪದಿ, ಷಟ್ಪದಿ, ಸಾಂಗತ್ಯ, ಕೀರ್ತನೆ, ತತ್ವಪದ ಎಂಬ ಐದು ಕಾವ್ಯರೂಪಗಳು ಒಂದೇ ಜಿಲ್ಲೆಯ ಮಣ್ಣಿನಲ್ಲಿ ಬೆಳೆದಿವೆ.

ಈ ಮಣ್ಣಿನಲ್ಲೇ ಬಾಳುತ್ತಿರುವ ನಾವು ಕಾವ್ಯವನ್ನು ಹೇಗೆ ಓದುತ್ತಿದ್ದೇವೆ? ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಧೋರಣೆಗಳು ಕಾಣುತ್ತವೆ. ಛಂದಸ್ಸು, ಅಲಂಕಾರಗಳೆಂದರೆ ಪರೀಕ್ಷೆಯ ಅಂಕಗಳಿಗಾಗಿ ಮಾಡುವ ಬಾಯಿಪಾಠ ಎಂಬುದು ಒಂದು. ಕವಿತೆಯೆಂದರೆ ಅನುಮಾನದ ವಸ್ತು ಎಂಬುದು ಇನ್ನೊಂದು. ಯಾವುದೋ ಸಾಲಿನಲ್ಲಿ ಅನ್ಯದೇವರ ಹೆಸರೋ ಮದ್ಯದ ಬಟ್ಟಲೋ ಕಂಡೊಡನೆ ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಕವಿಯು ಯಾವ ರೂಪದಲ್ಲಿ, ಯಾವ ಅಲಂಕಾರದ ಮೂಲಕ ಮಾತನಾಡುತ್ತಿದ್ದಾನೆಂದು ತಿಳಿಯದೆ ಅವನ ವಿಶ್ವಾಸವನ್ನು ಅಳೆಯುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ.

ಪದದ ಅರ್ಥ ಗೊತ್ತಿದ್ದರೂ ಮಾತಿನ ಅರ್ಥ ತಪ್ಪಿಹೋಗಬಹುದೆಂಬುದಕ್ಕೆ ಹದೀಸ್ ಗ್ರಂಥಗಳಲ್ಲಿಯೇ ಪ್ರಸಿದ್ಧವಾದ ಒಂದು ಪ್ರಸಂಗವಿದೆ. ಉಪವಾಸದ ರಾತ್ರಿಯಲ್ಲಿ ಉಣ್ಣುವ ಅವಧಿಯನ್ನು ತಿಳಿಸುವಾಗ ಪವಿತ್ರ ಕುರ್‌ಆನ್ ಬಿಳಿಯ ನೂಲು ಮತ್ತು ಕರಿಯ ನೂಲುಗಳ ಹೋಲಿಕೆಯನ್ನು ಬಳಸಿದೆ. ಅದೀ ಬಿನ್ ಹಾತಿಮ್(ರ) ಅವರು ಅದನ್ನು ಅಕ್ಷರಶಃ ಗ್ರಹಿಸಿ, ಎರಡು ಬಣ್ಣದ ಹಗ್ಗಗಳನ್ನು ದಿಂಬಿನ ಕೆಳಗಿಟ್ಟುಕೊಂಡು ರಾತ್ರಿಯಿಡೀ ನೋಡುತ್ತಿದ್ದರು. ಬೆಳಿಗ್ಗೆ ಪ್ರವಾದಿ ಮುಹಮ್ಮದ್(ಸ)ರವರ ಬಳಿ ಹೇಳಿಕೊಂಡಾಗ, ಅದು ಇರುಳಿನ ಕಪ್ಪು ಮತ್ತು ಹಗಲಿನ ಬೆಳಕೆಂದು ಪ್ರವಾದಿಯವರು(ಸ) ವಿವರಿಸಿದರು. ಅದೀ(ರ) ಅವರ ಮಾತೃಭಾಷೆಯೇ ಅರಬಿ. ಅವರಿಗೇ ಹೀಗಾಗಬಹುದಾದರೆ, ಅನ್ಯರ ಪದ್ಯವನ್ನು ಓದುವ ನಮಗೆ ಎಷ್ಟು ಎಚ್ಚರ ಬೇಕು!

ಕುರ್‌ಆನ್ ಕಾವ್ಯವಲ್ಲ, ಆ ಮಾತನ್ನು ಅದೇ ಸ್ಪಷ್ಟಪಡಿಸುತ್ತದೆ. ಆದರೂ ದಾನದ ಫಲವನ್ನು ಏಳು ತೆನೆಗಳ ಕಾಳಿಗೂ, ಅಲ್ಲಾಹನನ್ನು ಬಿಟ್ಟು ಅನ್ಯರನ್ನು ಆಶ್ರಯಿಸುವುದನ್ನು ಜೇಡನ ಮನೆಗೂ ಅದು ಹೋಲಿಸುತ್ತದೆ. ಅದರ 26ನೆಯ ಅಧ್ಯಾಯದ ಹೆಸರೇ ‘ಅಶ್ಶುಅರಾ’, ಅಂದರೆ ಕವಿಗಳು. ಅದರ ಕೊನೆಯ ಸೂಕ್ತಗಳು ಗೊತ್ತುಗುರಿಯಿಲ್ಲದೆ ಅಲೆಯುವ, ಆಡಿದಂತೆ ನಡೆಯದ ಕವಿಗಳನ್ನು ಟೀಕಿಸಿ, ಸತ್ಯವಿಶ್ವಾಸವಿರಿಸಿ ಸತ್ಕರ್ಮವೆಸಗುವ ಕವಿಗಳನ್ನು ಆ ಟೀಕೆಯಿಂದ ಹೊರಗಿಡುತ್ತವೆ. ಕವಿ ಕಅಬ್ ಬಿನ್ ಝುಹೈರ್(ರ) ಪ್ರವಾದಿಯವರ(ಸ) ಸನ್ನಿಧಿಯಲ್ಲಿ ಓದಿದ ಕಸೀದಾ ಆರಂಭವಾಗುವುದು ಪ್ರೇಯಸಿಯ ಅಗಲಿಕೆಯ ಅಳಲಿನಿಂದ. ಅದು ಅರಬಿ ಕಸೀದಾದ ವಾಡಿಕೆಯ ಪೀಠಿಕೆ. ಪ್ರವಾದಿಯವರು(ಸ) ಅದನ್ನು ಆಲಿಸಿ, ಮೆಚ್ಚಿ ತಮ್ಮ ಹೊದಿಕೆಯನ್ನೇ ನೀಡಿದರೆಂದು ಪರಂಪರೆಯು ಹೇಳುತ್ತದೆ. ಪೀಠಿಕೆಯ ಪ್ರೇಮವನ್ನೇ ಹಿಡಿದು ಕವಿಯನ್ನು ಅಲ್ಲಿ ಯಾರೂ ತಡೆಯಲಿಲ್ಲ.

ಇನ್ನು ಕನ್ನಡದ ರೂಪಗಳತ್ತ ಬರೋಣ. ತ್ರಿಪದಿಯ ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗಣಗಳು, ಮೂರನೆಯದರಲ್ಲಿ ಮೂರೇ ಗಣಗಳು. ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಈ ರೂಪ ಕಾಣುತ್ತದೆ. ಕೊನೆಯ ಸಾಲು ಗಿಡ್ಡ, ತೀರ್ಪು ಅಲ್ಲಿಯೇ ಬೀಳಬೇಕು. ‘ಆದರೆ’, ‘ಕೆಲವೊಮ್ಮೆ’ ಎನ್ನಲು ಅಲ್ಲಿ ಜಾಗವಿಲ್ಲ. ಆದುದರಿಂದ ಸರ್ವಜ್ಞನ ಮಾತು ಹಲವೆಡೆ ಕಟುವಾಗಿಯೂ ಸಾರ್ವತ್ರಿಕವಾಗಿಯೂ ಕೇಳಿಸುತ್ತದೆ. ಇದನ್ನರಿತ ಓದುಗನು ತ್ರಿಪದಿಯನ್ನು ಫತ್ವಾದಂತೆ ಓದಲಾರ.

ಭಾಮಿನಿ ಷಟ್ಪದಿಯ ಸ್ವಭಾವವೇ ಬೇರೆ. ಅದರ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳಿದ್ದರೆ ಮೂರು ಮತ್ತು ಆರನೆಯ ಸಾಲುಗಳು 23 ಮಾತ್ರೆಗಳಷ್ಟು ಉದ್ದ. ಕಥೆಯನ್ನು ಹರಿಯಬಿಡಲು ಅದು ಹೇಳಿ ಮಾಡಿಸಿದ ರೂಪ. ಕನಕದಾಸರ ‘ರಾಮಧಾನ್ಯ ಚರಿತೆ’ ಇದರಲ್ಲಿಯೇ ಇದೆ. ಅಲ್ಲಿ ಭತ್ತವೂ ರಾಗಿಯೂ ತಮ್ಮಲ್ಲಿ ಯಾರು ಹೆಚ್ಚೆಂದು ವಾದಿಸುತ್ತವೆ. ಆರು ತಿಂಗಳ ಸೆರೆಯ ಬಳಿಕ ಕೆಡದೆ ಉಳಿಯುವುದು ರಾಗಿ. ಧಾನ್ಯಗಳು ಮಾತನಾಡುವುದಿಲ್ಲವೆಂದು ಈ ಕೃತಿಯನ್ನು ಸುಳ್ಳೆನ್ನುವವನು ಅದನ್ನು ಓದಿಯೇ ಇಲ್ಲ. ಉಳ್ಳವರ ಅನ್ನ ಮತ್ತು ದುಡಿಯುವವರ ಅನ್ನಗಳ ನಡುವಿನ ಮೇಲುಕೀಳನ್ನು ಆ ವಾದವು ಪ್ರಶ್ನಿಸುತ್ತಿದೆ.

ಅಲಂಕಾರಗಳೂ ನಮ್ಮ ದಿನನಿತ್ಯದ ಮಾತಿನಲ್ಲಿಯೇ ಇವೆ. ಬಣ್ಣ ಗಾಢ, ಖಾರ ಕಡಿಮೆ ಎಂಬುದು ಬ್ಯಾಡಗಿ ಮೆಣಸಿನಕಾಯಿಯ ಖ್ಯಾತಿ. ‘ಅವನ ಕೋಪವು ಬ್ಯಾಡಗಿ ಮೆಣಸಿನಕಾಯಿಯಂತೆ’ ಎಂದರೆ ಉಪಮೆ. ‘ಅವನು ಬ್ಯಾಡಗಿ ಮೆಣಸಿನಕಾಯಿ’ ಎಂದರೆ ರೂಪಕ. ಎರಡನೆಯದರಲ್ಲಿ ‘ಅಂತೆ’ ಎಂಬ ಸೂಚನೆ ಮಾಯವಾಗಿರುತ್ತದೆ. ಅದನ್ನು ತುಂಬಿಕೊಳ್ಳುವುದು ಕೇಳುವವನ ಹೊಣೆ. ಕಾವ್ಯದ ಬಗೆಗಿನ ಬಹುಪಾಲು ಜಗಳಗಳು ಹುಟ್ಟುವುದು ಈ ಹೊಣೆಯನ್ನು ಮರೆತಾಗಲೇ.

ಶಿಶುನಾಳ ಶರೀಫರ (1819-1889) ವಿಷಯದಲ್ಲಿ ಆಗಿರುವುದೂ ಇದೇ. ಇಮಾಮ್ ಸಾಹೇಬರ ಮಗನಾಗಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾದ ಅವರನ್ನು ಒಬ್ಬರು ‘ನಮ್ಮವರಲ್ಲ’ವೆಂದು ದೂರವಿಡುತ್ತಾರೆ. ಇನ್ನೊಬ್ಬರು ಅವರ ಮುಸ್ಲಿಮ್ ಹೆಸರನ್ನು ಮೆರವಣಿಗೆಯ ಫಲಕವಾಗಿಸುತ್ತಾರೆ. ಇಬ್ಬರೂ ಪದವನ್ನು ಬಿಡಿಸಿ ನೋಡುವುದಿಲ್ಲ. ಮಾಳಿಗೆ ಸೋರುವುದನ್ನು ಹಾಡಿದ ಅವರು ಮನೆಯ ರಿಪೇರಿಯ ಬಗ್ಗೆ ಹೇಳುತ್ತಿರಲಿಲ್ಲ. ಅಜ್ಞಾನದಿಂದ ಶಿಥಿಲವಾದ ಬಾಳಿನ ಬಗ್ಗೆ ಹೇಳುತ್ತಿದ್ದರು. ಕೋಳಿಯು ಕೋಡಗವನ್ನು ನುಂಗುವ ಪದವು ‘ಬೆಡಗು’ ಎಂಬ ರೂಪಕ್ಕೆ ಸೇರಿದ್ದು. ಲೋಕದಲ್ಲಿ ನಡೆಯದ ಸಂಗತಿಯನ್ನು ಮುಂದಿಟ್ಟು ಕೇಳುಗನನ್ನು ಒಳಗಿನ ಅರ್ಥದತ್ತ ತಳ್ಳುವುದು ಅದರ ರೀತಿ. ಪದದ ಕೊನೆಯಲ್ಲಿ ಬರುವ ‘ಶಿಶುನಾಳಧೀಶ’ವು ಅವರ ಅಂಕಿತ. ಕೀರ್ತನೆ, ವಚನ, ತತ್ವಪದಗಳು ಅಂಕಿತದಿಂದ ಮುಗಿಯುವುದು ವಾಡಿಕೆ. ಗಝಲ್‌ನ ಕೊನೆಯ ಶೇರ್‌ನಲ್ಲಿ ಕವಿಯ ತಖಲ್ಲುಸ್ ಬರುವಂತೆಯೇ ಇದು ಕೂಡ ಆ ರೂಪದ ಕಟ್ಟುಪಾಡು. ಇದನ್ನು ತಿಳಿಯದೆ ಅಂಕಿತವೊಂದನ್ನೇ ಹಿಡಿದು ಒಬ್ಬರ ವಿಶ್ವಾಸದ ಮೇಲೆ ತೀರ್ಪು ಕೊಡುವುದು ಸಾಧುವಲ್ಲ.

ಹಾಗೆಂದು ಎಲ್ಲವನ್ನೂ ‘ಅದು ರೂಪಕ’ವೆಂದು ಸಮರ್ಥಿಸುವುದೂ ಪ್ರಾಮಾಣಿಕ ಓದಲ್ಲ. ಕವಿತೆಯಲ್ಲಿನ ಮದ್ಯವು ಕೆಲವೊಮ್ಮೆ ದೈವಪ್ರೇಮದ ಸಂಕೇತ. ಕೆಲವೊಮ್ಮೆ ಅದು ಬರೀ ಮದ್ಯವೇ. ಯಾವುದೆಂಬುದನ್ನು ಆ ಪದ್ಯದ ಉಳಿದ ಸಾಲುಗಳು, ಅದರ ರೂಪ, ಆ ಕವಿಯ ಇತರ ಪದ್ಯಗಳು ತಿಳಿಸಬೇಕೇ ಹೊರತು ನಮ್ಮ ಇಷ್ಟಾನಿಷ್ಟಗಳಲ್ಲ. ಅರ್ಥಮಾಡಿಕೊಂಡ ಬಳಿಕವೂ ಕವಿಯ ನಿಲುವನ್ನು ಒಪ್ಪದಿರುವ ಸ್ವಾತಂತ್ರ್ಯ ನಮಗಿದೆ. ಶರೀಫರ ಎಲ್ಲ ಮಾತುಗಳೂ ನಮ್ಮ ವಿಶ್ವಾಸಕ್ಕೆ ಹೊಂದಬೇಕೆಂದೇನೂ ಇಲ್ಲ. ಆದರೆ ಅವರು ಹೇಳಿದ್ದನ್ನು ತಿಳಿದು ಅಸಮ್ಮತಿ ಸೂಚಿಸುವುದಕ್ಕೂ, ಹೇಳದಿದ್ದುದನ್ನು ಅವರ ಮೇಲೆ ಹೊರಿಸುವುದಕ್ಕೂ ಅಜಗಜಾಂತರವಿದೆ. ಎರಡನೆಯದು ಸತ್ತವರ ಮೇಲೆ ಹೊರಿಸುವ ಆರೋಪವಾಗುತ್ತದೆ.

ಇದರ ಫಲವನ್ನು ಉಣ್ಣುವವರು ನಮ್ಮ ಮಕ್ಕಳು. ಮನೆಯಲ್ಲಿ ಉರ್ದು ನಾತ್, ಶಾಲೆಯಲ್ಲಿ ಕನ್ನಡದ ಷಟ್ಪದಿ ಕೇಳಿ ಬೆಳೆಯುವ ಮಗು ಎರಡನ್ನೂ ಅರ್ಧರ್ಧವೇ ಕಲಿತರೆ, ನಾಳೆ ಅದು ಯಾರದೋ ಭಾಷಣದ ಅತಿಶಯೋಕ್ತಿಯನ್ನು ಸತ್ಯವೆಂದು ನಂಬೀತು. ವ್ಯಂಗ್ಯವನ್ನು ಬೈಗುಳವೆಂದು ತಿಳಿದು ಕೆರಳೀತು. ಮೊಬೈಲಿನಲ್ಲಿ ಹರಿದುಬರುವ ಒಂಟಿ ಸಾಲಿಗೆ ರೊಚ್ಚಿಗೇಳುವವರಲ್ಲಿ ಆ ಸಾಲು ಯಾವ ಪದ್ಯದ್ದು, ಅದನ್ನು ಆಡಿದವರು ಯಾರೆಂದು ಕೇಳುವವರೆಷ್ಟು ಮಂದಿ?

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳ ಪಠ್ಯದಲ್ಲಿ ಪದ್ಯವೊಂದು ಬಂದಾಗ ಅವರೊಡನೆ ಕುಳಿತು ಮೂರು ಪ್ರಶ್ನೆಗಳನ್ನು ಕೇಳೋಣ: ಇದು ಯಾವ ರೂಪ? ಇಲ್ಲಿ ಮಾತನಾಡುತ್ತಿರುವವರು ಕವಿಯೇ, ಪಾತ್ರವೇ? ಯಾವುದನ್ನು ಯಾವುದಕ್ಕೆ ಹೋಲಿಸಲಾಗಿದೆ? ಸಂಜೆಯ ಮದ್ರಸಾದಲ್ಲಿ ಕುರ್‌ಆನಿನ ಉಪಮೆಗಳನ್ನು ಕಲಿಸುವ ಉಸ್ತಾದರು ಆ ಹೋಲಿಕೆಗಳ ಸ್ವಾರಸ್ಯವನ್ನು ಕನ್ನಡದಲ್ಲಿ ವಿವರಿಸಲಿ. ಲಘು-ಗುರುಗಳ ಲೆಕ್ಕವು ಆಗ ಬರೀ ಅಂಕಗಳ ಲೆಕ್ಕವಾಗಿ ಉಳಿಯದು. ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿ, ತಿಳಿದು, ಆಮೇಲೆ ಉತ್ತರಿಸುವ ತಾಳ್ಮೆಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ.