ಬಂಗಾರ ಹಂಚುವವರು ಬನ್ನಿ ನೆಡಬೇಡವೇ?

ವಿಜಯದಶಮಿಯ ಸಂಜೆ ಮರೋಳ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಬನ್ನಿ ಎಲೆಯೇ ಬಂಗಾರ. ಕಿರಿಯರು ಹಿರಿಯರ ಕೈಗೆ ಎಲೆಯಿತ್ತು ಕಾಲಿಗೆರಗುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂಬ ಮಾತಿನಲ್ಲಿ ವರ್ಷದ ಮುನಿಸು ಕರಗುತ್ತದೆ. ಅದಕ್ಕೂ ಮುನ್ನ ನವರಾತ್ರಿಯುದ್ದಕ್ಕೂ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಬನ್ನಿ ಮಹಾಂಕಾಳಿಗೆ ನೀರೆರೆದು ಸುತ್ತು ಬರುತ್ತಾರೆ. ಇಷ್ಟು ಆದರ ಪಡೆದ ಮರಗಳು ವಿರಳ. ಆದರೆ ಕೊಡಲಿ ಬಿದ್ದ ಊರಿನಲ್ಲಿ ಹಬ್ಬದ ಮರುದಿನ ಬನ್ನಿ ಕಟ್ಟೆಯ ಬಳಿ ಕಾಣುವುದು ಮುರಿದ ಕೊಂಬೆ, ಸೀಳಿದ ತೊಗಟೆ. ಪೂಜೆಗೊಳ್ಳುವ ಆ ಮುದಿಮರದ ಬುಡದಲ್ಲಿ ಅದರ ವಂಶ ಮುಂದುವರಿಸುವ ಒಂದು ಸಸಿಯಾದರೂ ಇದೆಯೇ?

ಹಬ್ಬಕ್ಕಾಗಿ ಮರ ಕಡಿಯುವ ಸಮಸ್ಯೆ ಈ ನಾಡಿಗಷ್ಟೇ ಸೀಮಿತವಲ್ಲ. ಯೂರೋಪಿನಲ್ಲಿ ಒಂದು ಕಾಲಕ್ಕೆ ಕಾಡಿನಿಂದ ಕಡಿದು ತರುತ್ತಿದ್ದ ಕ್ರಿಸ್‌ಮಸ್ ಮರವನ್ನು ಇಂದು ಬಹುಪಾಲು ತೋಟಗಳಲ್ಲೇ ಬೆಳೆಸಲಾಗುತ್ತದೆ. ಆರೇಳು ಅಡಿಯ ಮರಕ್ಕೆ ಏಳು ವರ್ಷಗಳಷ್ಟು ಆರೈಕೆ ಬೇಕು. ಕರ್ನಾಟಕದಲ್ಲಿ ಗಾಳಿಮರದ ರೆಂಬೆಯನ್ನು ಸಿಂಗರಿಸುವ ರೂಢಿಯಿದೆ. ಕೆಲವರು ಪೆಸಿಫಿಕ್ ದ್ವೀಪಗಳ ಮೂಲದ ಅರೌಕೇರಿಯಾವನ್ನು ಕುಂಡದಲ್ಲಿ ಬೆಳೆಸಿ, ಅದೇ ಜೀವಂತ ಗಿಡವನ್ನು ವರ್ಷವರ್ಷವೂ ಅಲಂಕರಿಸುತ್ತಾರೆ. ಹಬ್ಬಕ್ಕೆ ಬೇಕಾದ ಮರವನ್ನು ಮನೆಯವರೇ ಬೆಳೆಸಿಕೊಳ್ಳುವ ಈ ಕ್ರಮ ಬನ್ನಿಗೂ ಸಲ್ಲಬೇಕು.

ಬನ್ನಿ ಕೇವಲ ಪೂಜೆಯ ಮರವಲ್ಲ. ರಾಜಸ್ಥಾನದಲ್ಲಿ ಇದೇ ಮರ ಖೇಜಡಿ. ಮರುಭೂಮಿಯ ರೈತರು ಅದರಡಿಯಲ್ಲೇ ಸಜ್ಜೆ ಬಿತ್ತುತ್ತಾರೆ, ಸೊಪ್ಪನ್ನು ದನಕುರಿಗಳಿಗೆ ಮೇಯಿಸುತ್ತಾರೆ. 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಉಳಿಸಲು ಅಮೃತಾದೇವಿಯೊಡನೆ 363 ಮಂದಿ ಬಿಷ್ಣೋಯಿಗಳು ಪ್ರಾಣ ತೆತ್ತರು. ಬೇರು ಆಳಕ್ಕಿಳಿಯುವುದರಿಂದ ಮೇಲ್ಮಣ್ಣಿನ ತೇವಕ್ಕಾಗಿ ಬೆಳೆಯೊಡನೆ ಇದರ ಪೈಪೋಟಿ ಕಡಿಮೆ. ದ್ವಿದಳ ಜಾತಿಯ ಈ ಮರದ ನೆರಳಿನ ಮಣ್ಣಿನಲ್ಲಿ ಸಾವಯವ ಅಂಶ ಮತ್ತು ಸಾರಜನಕ ಹೆಚ್ಚಿರುವುದನ್ನು ಒಣಭೂಮಿಯ ಅಧ್ಯಯನಗಳು ತೋರಿಸಿವೆ. ಮರೋಳದ ಹೆಸರು ಇಂದು 24,000 ಹೆಕ್ಟೇರಿನ ಗುರಿಯ ಹನಿ ನೀರಾವರಿ ಯೋಜನೆಯಿಂದ ನಾಡಿಗೆ ಪರಿಚಿತ. ನೀರನ್ನು ಕೊಳವೆಯಲ್ಲಿ ತರಬಹುದು. ಬದುವಿನ ನೆರಳನ್ನೂ ಬರಗಾಲದ ಮೇವನ್ನೂ ಮರವೇ ಕೊಡಬೇಕು.

ನೆಡುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಹಳ್ಳದ ದಂಡೆ, ಗೋಮಾಳ, ಗುಡ್ಡದ ಬುಡಗಳನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿ ಬನ್ನಿಯ ಸಮೀಪದ ಬಂಧು. ಅಮೆರಿಕ ಖಂಡದಿಂದ ಬಂದದ್ದು. ಎಳೆಯ ಗಿಡಗಳು ಕಣ್ಣಿಗೆ ಒಂದೇ ಬಗೆಯಾಗಿ ತೋರುತ್ತವೆ. ಬನ್ನಿಯ ಚಿಕ್ಕ ಮುಳ್ಳುಗಳು ಎರಡು ಗೆಣ್ಣುಗಳ ನಡುವೆ ಅಲ್ಲಲ್ಲಿ ಹರಡಿರುತ್ತವೆ. ಜಾಲಿಯ ಮುಳ್ಳುಗಳು ಗೆಣ್ಣಿನಲ್ಲೇ, ಸಾಮಾನ್ಯವಾಗಿ ಜೋಡಿಯಾಗಿ ಮೂಡುತ್ತವೆ. ಬನ್ನಿಯ ಕಾಯಿ ತೆಳ್ಳನೆಯ ಕಡ್ಡಿಯಂತಿದ್ದರೆ, ಜಾಲಿಯದು ದಪ್ಪನಾದ ಹಳದಿ ಕಾಯಿ. ಸಂದೇಹವಿದ್ದಲ್ಲಿ ಪೂಜೆಗೊಳ್ಳುವ ಮರದಿಂದಲೇ ಬೀಜ ಆರಿಸುವುದು ಕ್ಷೇಮ.

ಬೆಳೆಸುವ ವಿಧಾನ ಸರಳ. ಮರದಲ್ಲೇ ಬಲಿತು ಒಣಗಿದ ಕಾಯಿಗಳಿಂದ ಹುಳು ಕೊರೆಯದ ಬೀಜಗಳನ್ನು ತೆಗೆಯಬೇಕು. ಬೀಜದ ಸಿಪ್ಪೆ ಗಟ್ಟಿ. ನೀರನ್ನು ಕುದಿಸಿ, ಒಲೆಯಿಂದಿಳಿಸಿ, ಬೀಜ ಹಾಕಿ ಒಂದು ದಿನ ಬಿಟ್ಟರೆ ಅವು ಉಬ್ಬುತ್ತವೆ. ಉಬ್ಬಿದ ಬೀಜಗಳನ್ನು ಮಣ್ಣು, ಮರಳು, ಕಳಿತ ಗೊಬ್ಬರ ತುಂಬಿದ ಉದ್ದನೆಯ ಚೀಲಗಳಲ್ಲಿ ಊರಬೇಕು. ತಾಯಿಬೇರು ಬೇಗನೆ ಕೆಳಗಿಳಿಯುವುದರಿಂದ ಚೀಲಗಳನ್ನು ಆಗಾಗ ಸರಿಸುತ್ತಿರಬೇಕು. ಇಲ್ಲವಾದರೆ ಬೇರು ನೆಲ ಹೊಕ್ಕು, ಕೀಳುವಾಗ ತುಂಡಾಗುತ್ತದೆ. ಒಂದು ವರ್ಷದ ಸಸಿಯನ್ನು ಮುಂಗಾರಿನಲ್ಲಿ ಒಂದೂವರೆ ಅಡಿಯ ಗುಂಡಿಯಲ್ಲಿ ನೆಟ್ಟು, ಮೊದಲೆರಡು ಬೇಸಿಗೆ ನೀರುಣಿಸಿದರೆ ಸಾಕು. ಆಡುಗಳಿಂದ ಕಾಯಲು ಬಳ್ಳಾರಿ ಜಾಲಿಯ ಮುಳ್ಳನ್ನೇ ಕಡಿದು ಬೇಲಿ ಕಟ್ಟಬಹುದು. ಗೋಡೆಯಿಂದ ದೂರದ ಹಿತ್ತಿಲು, ಹೊಲದ ಬದು, ಶಾಲೆಯ ಅಂಗಳ, ಗುಡಿಯ ಪೌಳಿ ಇದಕ್ಕೆ ತಕ್ಕ ತಾಣಗಳು. ಬನ್ನಿ ನಿಧಾನವಾಗಿ ಬೆಳೆಯುವ ಮರ. ಮೊದಲ ಹತ್ತು ವರ್ಷ ಅದಕ್ಕೆ ಕೊಡಲಿ ಸೋಕಿಸಬಾರದು. ದೊಡ್ಡದಾದ ಮೇಲೂ ಹಬ್ಬಕ್ಕೆ ಬೇಕಿರುವುದು ಹಿಡಿ ಎಲೆಯೇ ಹೊರತು ಕೊಂಬೆಯಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಕಾರ್ಯವೊಂದಿದೆ. ಊರಿನಲ್ಲಿರುವ ಬನ್ನಿ ಮರಗಳನ್ನೆಲ್ಲ ಎಣಿಸಿ, ಮೊಣಕಾಲೆತ್ತರದ ಎಳೆಯ ಗಿಡಗಳೆಷ್ಟೆಂದು ಪ್ರತ್ಯೇಕವಾಗಿ ಬರೆದಿಡಲಿ. ಎರಡನೆಯ ಲೆಕ್ಕ ಸೊನ್ನೆಯಾದರೆ, ಕಟ್ಟೆಯ ಮೇಲಿನ ಮರವೇ ಆ ಊರಿನ ಕೊನೆಯ ಬನ್ನಿ ಎಂದು ತಿಳಿಯಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಲಿ.

ಪಾಂಡವರು ತಮ್ಮ ಆಯುಧಗಳನ್ನು ನಂಬಿ ಒಪ್ಪಿಸಿದ್ದು ಬನ್ನಿಯ ಕೊಂಬೆಗೆ ಎಂಬುದು ಪ್ರತಿ ಮನೆಗೂ ಗೊತ್ತಿರುವ ಕಥೆ. ಅಂಥ ಮರದ ಮೇಲೆ ವರ್ಷಕ್ಕೊಮ್ಮೆ ಆಯುಧ ಎತ್ತುವುದು ಯಾವ ಧರ್ಮ? ಈ ದಸರೆಯಲ್ಲಿ ಕೈಗೆ ಬಂದ ಬನ್ನಿಗೆ ಪ್ರತಿಯಾಗಿ ಮನೆಗೊಂದು ಸಸಿ ಮಣ್ಣು ಸೇರುವಂತಾದರೆ, ಇಂದಿನ ಮಕ್ಕಳು ಹಿರಿಯರಾಗಿ ಕೈಯೊಡ್ಡುವ ಹೊತ್ತಿಗೂ ಹಂಚಲು ಬಂಗಾರ ಉಳಿದಿರುತ್ತದೆ.